ಬಕೆಟ್ಟಿನ ನೀರಿನಿಂದ ಮೊದಲು ಹೊರಗೆ ತೆಗೆಯಿರಿ

ಓದುಗರ ಪತ್ರ: ಚಿಂತಾಮಣಿ ಹತ್ತಿರ ನಮ್ಮ ಹೊಲದ ದಾರಿಯಲ್ಲಿ, ಮಳೆ ನಿಂತ ಮಾರನೇ ಬೆಳಿಗ್ಗೆ, ನಾಯಿಗಳು ಉರುಳಾಡಿಸುತ್ತಿದ್ದ ಆಮೆಯೊಂದು ಸಿಕ್ಕಿತು. ಅಂಗೈಗಿಂತ ತುಸು ದೊಡ್ಡದು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳಿವೆ. ಅಂಚಿನಲ್ಲಿ ಒಂದು ಕಡೆ ಚಿಪ್ಪು ಬಿರುಕು ಬಿಟ್ಟು ಸ್ವಲ್ಪ ರಕ್ತ ಒಸರಿದೆ. ಬಕೆಟ್ಟಿಗೆ ನೀರು ತುಂಬಿ ಬಿಟ್ಟಿದ್ದೇವೆ. ಅನ್ನ, ಹಾಲು ಇಟ್ಟರೆ ಮುಟ್ಟುತ್ತಿಲ್ಲ. ಚೇತರಿಸಿಕೊಂಡ ಮೇಲೆ ಕೆರೆಗೆ ಬಿಡೋಣ ಎಂದಿದ್ದೇವೆ. ಮನೆಯ ಹಿರಿಯರು ‘ಆಮೆ ತಾನಾಗಿ ಬಂದದ್ದು ಶುಭ, ಇರಲಿ ಬಿಡಿ’ ಅನ್ನುತ್ತಾರೆ. ಏನು ಮಾಡುವುದು ಸರಿ?

ಸಂಪಾದಕರ ಉತ್ತರ: ನಿಮ್ಮ ಆಮೆಗೆ ತುರ್ತಾಗಿ ಬೇಕಾದುದನ್ನು ಫೋನಿನಲ್ಲೇ ತಿಳಿಸಿದ್ದೇವೆ. ಮಳೆಗಾಲದಲ್ಲಿ ಇದೇ ಪ್ರಶ್ನೆ ಇನ್ನೂ ಹಲವರಿಗೆ ಎದುರಾಗುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ನೀವು ಹೇಳಿದ ಗುರುತೆಲ್ಲ ನಕ್ಷತ್ರ ಆಮೆಯದು. ಇದು ನೆಲದ ಆಮೆ, ಇದಕ್ಕೆ ಈಜು ಬರುವುದಿಲ್ಲ. ತುಂಬಿದ ಬಕೆಟ್ಟಿನಲ್ಲಿ ಇದು ಕತ್ತು ಮೇಲೆತ್ತಿ ಒದ್ದಾಡಿ, ಸುಸ್ತಾಗಿ, ಶ್ವಾಸಕೋಶಕ್ಕೆ ನೀರು ಹೋಗಿ ಸಾಯುತ್ತದೆ. ಕೆರೆಗೆ ಎಸೆದರೂ ಅಷ್ಟೇ. ಪುಣ್ಯದ ಕೆಲಸವೆಂದು ನಂಬಿ ಜನ ಈ ಆಮೆಯನ್ನು ಕೆರೆಗೆ, ಕಲ್ಯಾಣಿಗೆ ಬಿಡುತ್ತಾರೆ. ಇದಕ್ಕಿಂತ ನೋವಿನ ತಪ್ಪು ಈ ವಿಷಯದಲ್ಲಿ ಇನ್ನೊಂದಿಲ್ಲ.

ಹಾಗಾಗಿ ಯಾವ ಆಮೆ ಸಿಕ್ಕರೂ ಮೊದಲು ಕಾಲು ನೋಡಿ. ನೆಲದ ಆಮೆಯ ಕಾಲು ಆನೆಯ ಕಾಲಿನಂತೆ ಕಂಬವಾಗಿರುತ್ತದೆ, ಒರಟು ಹುರುಪೆಗಳಿರುತ್ತವೆ, ಬೆರಳುಗಳ ನಡುವೆ ಜಾಲಪೊರೆ ಇರುವುದಿಲ್ಲ. ಚಿಪ್ಪು ಗುಮ್ಮಟದಂತೆ ಎತ್ತರ. ನೀರಾಮೆಗಳ ಬೆರಳಿನ ನಡುವೆ ಪೊರೆ ಇರುತ್ತದೆ, ಚಿಪ್ಪು ಚಪ್ಪಟೆ. ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ಕಾಣುವ, ಚಿಪ್ಪಿನ ಅಂಚು ಮೆತ್ತಗಿರುವ ಹಂದಿಮೂತಿಯ ಆಮೆ ಮಳೆ ಬಂದಾಗ ಒಂದು ಕೆರೆಯಿಂದ ಇನ್ನೊಂದಕ್ಕೆ ರಸ್ತೆ ದಾಟಿ ಹೋಗುತ್ತದೆ. ಆದ್ದರಿಂದ ರಸ್ತೆಯಲ್ಲಿ ಸಿಕ್ಕಿತೆಂದು ಅದನ್ನು ನೆಲದ ಆಮೆ ಅಂದುಕೊಳ್ಳಬೇಡಿ. ಅದು ಬಲವಾಗಿ ಕಚ್ಚುತ್ತದೆ, ಹಿಂಭಾಗದ ಕಡೆಯಿಂದಲೇ ಹಿಡಿಯಬೇಕು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದ್ದರೆ ಅದು ಅಮೆರಿಕ ಮೂಲದ, ಯಾರೋ ಸಾಕಿ ಬಿಟ್ಟ ಸ್ಲೈಡರ್ ಆಮೆ. ಅದನ್ನು ಯಾವ ಕಾರಣಕ್ಕೂ ನಮ್ಮ ನೀರಿಗೆ ಬಿಡಬಾರದು. ಊರಿನ ಆಮೆಗಳ ಮೇವು, ಬಿಸಿಲು ಕಾಯುವ ಜಾಗ ಎರಡನ್ನೂ ಅದು ಕಸಿದುಕೊಳ್ಳುತ್ತದೆ.

ಗಾಯವಿಲ್ಲದ ಆಮೆ ತನ್ನ ಪಾಡಿಗೆ ರಸ್ತೆ ದಾಟುತ್ತಿದ್ದರೆ ಅದಕ್ಕೆ ಆರೈಕೆಯೇ ಬೇಡ. ಅದು ಯಾವ ದಿಕ್ಕಿಗೆ ಮುಖ ಮಾಡಿತ್ತೋ ಅದೇ ದಿಕ್ಕಿನ ರಸ್ತೆಯಂಚಿಗೆ ದಾಟಿಸಿ, ಪೊದೆಯ ಬುಡದಲ್ಲಿ ಇಳಿಸಿ ಬನ್ನಿ. ಎತ್ತುವಾಗ ಎರಡೂ ಕೈಯಲ್ಲಿ ಚಿಪ್ಪಿನ ಪಕ್ಕಗಳನ್ನು ಹಿಡಿದು ನೆಲಕ್ಕೆ ಹತ್ತಿರವಾಗಿ, ಮಟ್ಟಸವಾಗಿ ಒಯ್ಯಿರಿ. ಗಾಬರಿಯಾದ ಆಮೆ ಒಮ್ಮೆಲೇ ಮೂತ್ರ ಬಿಡುತ್ತದೆ. ಕುರುಚಲು ಕಾಡಿನ ಈ ಪ್ರಾಣಿಗೆ ಮೂತ್ರಕೋಶವೇ ನೀರಿನ ಹಗೇವು. ಬೇಸಿಗೆಯಲ್ಲಿ ಅದು ಬರಿದಾದರೆ ಮತ್ತೆ ತುಂಬಿಕೊಳ್ಳಲು ವಾರಗಟ್ಟಲೆ ನೀರು ಸಿಗದೆ ಹೋಗಬಹುದು. ಸುಮ್ಮನೆ ಎತ್ತಿ ಆಡಿಸಬಾರದು ಎನ್ನುವುದು ಇದಕ್ಕೇ.

ನಿಮ್ಮದು ಗಾಯಗೊಂಡ ಆಮೆ, ಇಟ್ಟುಕೊಳ್ಳಲೇಬೇಕಾಯಿತು. ಆದರೆ ಎಷ್ಟು ಹೊತ್ತು ಎನ್ನುವುದಕ್ಕೆ ಕಾನೂನಿನ ಗಡುವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ, ಇಂಥ ಪ್ರಾಣಿ ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. 2022ರ ತಿದ್ದುಪಡಿಯ ನಂತರ ನಕ್ಷತ್ರ ಆಮೆ ಒಂದನೇ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಪಡೆದ ಪ್ರಾಣಿಗಳ ಪಟ್ಟಿಯಲ್ಲಿ. ಮನೆಯಲ್ಲೇ ಇಟ್ಟುಕೊಂಡರೆ 3ರಿಂದ 7 ವರ್ಷದವರೆಗೆ ಜೈಲು. ಗಾಯಕ್ಕೆ ಮದ್ದು ಮಾಡಿದವರಿಗೆ ಹೆದರಿಕೆ ಬೇಡ. ಸಿಕ್ಕ ದಿನವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಮಾಡಿದ ಸಮಯ ಬರೆದಿಟ್ಟುಕೊಳ್ಳಿ, ಅಷ್ಟು ಸಾಕು. ಶುಭ ಅನ್ನುವ ಹಿರಿಯರಿಗೆ ಇದನ್ನು ಗೌರವದಿಂದಲೇ ತಿಳಿಸಿ. ಆಮೆ ಅದೃಷ್ಟ ತರುತ್ತದೆ ಎಂಬ ಈ ನಂಬಿಕೆಯೇ ಕಳ್ಳಸಾಗಣೆಯ ಮಾರುಕಟ್ಟೆಯನ್ನು ಬೆಳೆಸಿದೆ.

ಇಲಾಖೆಯವರು ಬರುವವರೆಗಿನ ಒಂದೆರಡು ದಿನದ ಆರೈಕೆಯಲ್ಲಿ ಕ್ರಮ ತಪ್ಪಬಾರದು: ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಮೇವು. ಆಮೆಯ ಮೈಗೆ ತನ್ನದೇ ಬಿಸಿ ಇಲ್ಲ. ಮೈ ತಣ್ಣಗಿರುವಾಗ ಹೊಟ್ಟೆಗೆ ಹೋದದ್ದು ಜೀರ್ಣವಾಗದೆ ಒಳಗೇ ಹುಳಿಯುತ್ತದೆ. ನಿಮ್ಮದು ತಿನ್ನದೆ ಕುಳಿತದ್ದಕ್ಕೆ ಹಟ ಕಾರಣವಲ್ಲ, ಚಳಿ ಮತ್ತು ಭಯ ಕಾರಣ.

ಸುಮಾರು 60 ಸೆಂಟಿಮೀಟರ್ ಉದ್ದ, 40 ಅಗಲ, 30 ಎತ್ತರದ ರಟ್ಟಿನ ಪೆಟ್ಟಿಗೆ ಸಾಕು. ಗಾಜಿನ ಅಕ್ವೇರಿಯಂ ಬೇಡ. ಆಚೆ ಕಾಣುವ ಕಡೆಗೆಲ್ಲ ಆಮೆ ಗಂಟೆಗಟ್ಟಲೆ ನುಗ್ಗಿ ಮೂತಿ ಉಜ್ಜಿಕೊಳ್ಳುತ್ತದೆ. ತಳಕ್ಕೆ ನಾಲ್ಕೈದು ಪದರ ವೃತ್ತಪತ್ರಿಕೆ ಹಾಸಿ. ಮರದ ಹೊಟ್ಟು, ಮರಳು ಹಾಕಿದರೆ ಗಾಯಕ್ಕೆ ಮೆತ್ತಿಕೊಳ್ಳುತ್ತದೆ, ಮೇವಿನ ಜೊತೆ ಹೊಟ್ಟೆಗೂ ಹೋಗುತ್ತದೆ. ಒಂದು ಮೂಲೆಯಲ್ಲಿ ಸಣ್ಣ ರಟ್ಟಿನ ಡಬ್ಬವನ್ನು ಬೋರಲು ಹಾಕಿ ಬಾಗಿಲು ಕತ್ತರಿಸಿ, ಅಡಗಲು ಜಾಗವಾಯಿತು. ಇನ್ನೊಂದು ಮೂಲೆಗೆ ಹಳೆಯ ಕಾಲದ 40 ಅಥವಾ 60 ವ್ಯಾಟ್‌ನ ತಂತಿ ಬಲ್ಬನ್ನು, ರಟ್ಟಿಗೆ ತಾಗದಂತೆ, ನೆಲದಿಂದ 30 ಸೆಂಟಿಮೀಟರ್ ಮೇಲೆ ಕಟ್ಟಿ. ಎಲ್‌ಇಡಿ ಬಲ್ಬು ಶಾಖ ಕೊಡುವುದಿಲ್ಲ. ಬಲ್ಬಿನ ಕೆಳಗೆ 32 ಡಿಗ್ರಿ ಆಸುಪಾಸು, ಉಳಿದೆಡೆ 26ರಿಂದ 28 ಇದ್ದರೆ ಆಮೆ ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತದೆ. ಬಲ್ಬು ಸಿಗದಿದ್ದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ, ಅದು ಆರಿದರೆ ತೆಗೆದುಬಿಡಿ. ನೇರ ಬಿಸಿಲಿಗೆ ಪೆಟ್ಟಿಗೆ ಇಡಬೇಡಿ. ನೆರಳಿಗೆ ಸರಿಯಲು ದಾರಿಯಿಲ್ಲದ ಆಮೆ ಅರ್ಧ ಗಂಟೆಯಲ್ಲಿ ಬೆಂದುಹೋಗಬಹುದು.

ಮೈ ಬೆಚ್ಚಗಾದ ಮೇಲೆ ನೀರು. ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು, ಚಿಪ್ಪಿನ ಮೇಲ್ಭಾಗ ಕೆಳಭಾಗ ಕೂಡುವ ಅಂಚಿನವರೆಗೆ ಮಾತ್ರ. ತಲೆ ಸಲೀಸಾಗಿ ನೀರಿನ ಮೇಲಿರಬೇಕು. ಹದಿನೈದು ನಿಮಿಷ ಬಿಟ್ಟು, ಎದುರಿಗೇ ಕುಳಿತಿರಿ. ಮೊದಲು ಕತ್ತು ನಿಧಾನವಾಗಿ ಹೊರಬರುತ್ತದೆ, ಮೂಗು ನೀರಿಗೆ ತಾಗುತ್ತದೆ, ಗಂಟಲ ಕೆಳಗಿನ ಚರ್ಮ ಗುಟುಕು ಗುಟುಕಾಗಿ ಏರಿಳಿಯುತ್ತದೆ. ಕುಡಿಯುತ್ತಿದೆ ಎಂದರ್ಥ. ಮೂತ್ರದ ಜೊತೆ ಬಿಳಿ ಗಂಜಿಯಂಥದು ಬಂದರೆ ಗಾಬರಿ ಬೇಡ. ಅದು ಮರಳಿನಂತೆ ತರಿತರಿಯಾಗಿದ್ದರೆ ದೇಹ ಒಣಗಿದೆ, ದಿನಕ್ಕೆರಡು ಬಾರಿ ಹೀಗೇ ಕೂರಿಸಿ. ಬಿರುಕು ಆಳವಾಗಿದ್ದು ಒಳಗಿನ ಮಾಂಸ ಕಾಣುತ್ತಿದ್ದರೆ ಮಾತ್ರ ನೀರಿಗಿಡಬೇಡಿ. ಬಾಯಿಗೆ ನೀರು ಹಿಂಡುವುದಂತೂ ಬೇಡವೇ ಬೇಡ. ಆಮೆಗೆ ನಮ್ಮಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಇಲ್ಲ, ಒಳಗೆ ಹೋದ ನೀರನ್ನು ಕೆಮ್ಮಿ ಹೊರಹಾಕಲು ಬರುವುದಿಲ್ಲ.

ಬಕೆಟ್ಟಿನಲ್ಲಿ ಮುಳುಗಿ ನಿಶ್ಚಲವಾದ ಆಮೆಯನ್ನು ಸತ್ತಿತೆಂದು ಎಸೆಯಬೇಡಿ. ತಲೆ ಕೆಳಮುಖವಾಗುವಂತೆ ಹಿಡಿದು, ಕತ್ತನ್ನು ಮೆಲ್ಲಗೆ ಹೊರಗೆಳೆದು ನೇರ ಮಾಡಿ, ಬಾಯಿಂದ ನೀರು ಬಸಿಯಲು ಬಿಡಿ. ನಂತರ ಮುಂಗಾಲುಗಳನ್ನು ಮೆಲ್ಲಗೆ ಒಳಗೆ ಹೊರಗೆ ಆಡಿಸುತ್ತಾ ವೈದ್ಯರ ಬಳಿಗೆ ಒಯ್ಯಿರಿ. ಬೆನ್ನ ಮೇಲೆ ಮಲಗಿಸಬಾರದು. ಶ್ವಾಸಕೋಶ ಬೆನ್ನಿನ ಚಿಪ್ಪಿಗೆ ಅಂಟಿಕೊಂಡಿರುವುದರಿಂದ ಹೊಟ್ಟೆಯ ಭಾರವೆಲ್ಲ ಅದರ ಮೇಲೆ ಬೀಳುತ್ತದೆ.

ಚಿಪ್ಪಿನ ಬಿರುಕಿನ ವಿಷಯ. ಚಿಪ್ಪು ಸತ್ತ ಕವಚವಲ್ಲ, ರಕ್ತನಾಳ, ನರ ಇರುವ ಮೂಳೆ. ಬೆನ್ನುಮೂಳೆ ಅದರೊಳಗೇ ಕೂಡಿಕೊಂಡಿದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ ಉಪ್ಪು ಹಾಕಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಮಣ್ಣು ತೊಳೆಯಿರಿ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಟೀ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ, ಒಣ ಗಾಜ್ ಬಟ್ಟೆ ಮುಚ್ಚಿ. ಅರಿಸಿನ, ಎಣ್ಣೆ, ತುಪ್ಪ ಬೇಡ. ಎಂ-ಸೀಲ್, ಅರಾಲ್ಡೈಟ್ ಮುಟ್ಟಲೇಬೇಡಿ. ಮೇಲೆ ಅಂಟು ಗಟ್ಟಿಯಾಗುತ್ತದೆ, ಅದರಡಿ ಕೀವು ಮೂಳೆಯನ್ನೇ ತಿನ್ನುತ್ತದೆ. ನಾಯಿಯ ಹಲ್ಲು ತಾಗಿದ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ನಂಜು ಇಳಿದಿರುತ್ತದೆ, ಪಶುವೈದ್ಯರು ನೋಡಲೇಬೇಕು. ನೊಣ ಕೂರದಂತೆ ಪೆಟ್ಟಿಗೆಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಒಂದೇ ದಿನದಲ್ಲಿ ಹುಳು ಬೀಳುತ್ತದೆ. ಹುಳು ಕಂಡರೆ ಚಿಮಟದಲ್ಲಿ ಹೆಕ್ಕಿ ತೆಗೆಯಬೇಕು. ದನಕ್ಕೆ, ನಾಯಿಗೆ ಕೊಡುವ ಹುಳುವಿನ ಔಷಧಿ ಐವರ್ಮೆಕ್ಟಿನ್ ಆಮೆಗೆ ವಿಷ. ಆಮೆ ನೋಡಿ ಅಭ್ಯಾಸವಿಲ್ಲದ ವೈದ್ಯರಿಗೆ ಇದನ್ನು ಸಂಕೋಚವಿಲ್ಲದೆ ನೆನಪಿಸಿ.

ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಉಸಿರಿನಲ್ಲಿ ಸಿಳ್ಳೆ ಕಂಡರೆ ಶ್ವಾಸಕೋಶದ ಸೋಂಕು. ಒದ್ದೆಯಲ್ಲಿ, ಥಂಡಿಯಲ್ಲಿ ಇಟ್ಟದ್ದರ ಫಲ ಇದು. ಅದಕ್ಕೆ ಮನೆಮದ್ದಿಲ್ಲ.

ಮೇವಿನ ಚಿಂತೆ ಎಲ್ಲಕ್ಕಿಂತ ಕಡಿಮೆ ಮಾಡಿ. ಬೆಳೆದ ಆಮೆ ಒಂದೆರಡು ದಿನ ತಿನ್ನದಿದ್ದರೆ ಏನೂ ಆಗುವುದಿಲ್ಲ. ಕೊಡುವುದಾದರೆ ಗರಿಕೆ, ದಾಸವಾಳದ ಎಲೆ ಮತ್ತು ಹೂ, ನುಗ್ಗೆ ಸೊಪ್ಪು, ಮುಳ್ಳು ಸುಟ್ಟ ಪಾಪಾಸುಕಳ್ಳಿ. ನಿಮ್ಮ ಕಡೆ ಹಿಪ್ಪುನೇರಳೆ ತೋಟಗಳಿಗೆ ಕೊರತೆಯಿಲ್ಲ, ಅದರ ಸೊಪ್ಪೂ ಒಳ್ಳೆಯದು. ಔಷಧಿ ಹೊಡೆಯದ್ದೆಂದು ಕೇಳಿ ತನ್ನಿ. ಚಿಪ್ಪಿನಷ್ಟು ದೊಡ್ಡ ಗುಪ್ಪೆ ದಿನಕ್ಕೆ ಸಾಕು. ಅನ್ನ, ಹಾಲು, ಬ್ರೆಡ್ಡು, ನಾಯಿ ಬಿಸ್ಕತ್ತು ಅದರ ಕರುಳಿಗೆ ಒಗ್ಗುವುದಿಲ್ಲ. ಸಿಹಿ ಹಣ್ಣು ಹೆಚ್ಚಾದರೆ ಭೇದಿ. ಲಂಟಾನ, ಕಣಗಿಲೆ ಪೆಟ್ಟಿಗೆಯ ಹತ್ತಿರವೂ ಬರಬಾರದು.

ಮುಟ್ಟಿದ ಮೇಲೆ ಪ್ರತಿಸಲ ಸೋಪಿನಲ್ಲಿ ಕೈ ತೊಳೆಯಿರಿ. ಆರೋಗ್ಯವಾಗಿ ಕಾಣುವ ಆಮೆಯ ಮಲದಲ್ಲೂ ಭೇದಿ, ಜ್ವರ ತರುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರಬಹುದು. ತಟ್ಟೆಯ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ. ಐದು ವರ್ಷದೊಳಗಿನ ಮಕ್ಕಳು ನೋಡಲಿ, ಮುಟ್ಟುವುದು ಬೇಡ.

ವಾಸಿಯಾದ ಮೇಲೆ ನಾವೇ ಹೊಲದಲ್ಲಿ ಬಿಟ್ಟರಾಗದೇ ಎಂದು ಫೋನಿನಲ್ಲಿ ಕೇಳಿದ್ದಿರಿ. ಆ ತೀರ್ಮಾನ ಇಲಾಖೆಯದಾಗಲಿ. ಉಗುರು ತಿರುಚಿ ಬೆಳೆದಿದ್ದರೆ, ಚಿಪ್ಪಿಗೆ ಬಣ್ಣ ಹಚ್ಚಿದ್ದರೆ, ಅಂಚಿನಲ್ಲಿ ದಾರ ಕಟ್ಟಿದ ತೂತಿದ್ದರೆ ಅದು ಯಾರದೋ ಮನೆಯಿಂದ ತಪ್ಪಿಸಿಕೊಂಡದ್ದು. ಮನೆಯ ಸೋಂಕನ್ನು ಅದು ಕಾಡಿನ ಆಮೆಗಳಿಗೆ ಹರಡಬಹುದು. 2018ರಲ್ಲಿ ಸಿಂಗಪುರದಿಂದ ಕರ್ನಾಟಕಕ್ಕೆ ಮರಳಿ ಬಂದ 51 ನಕ್ಷತ್ರ ಆಮೆಗಳನ್ನೂ ವಿಮಾನದಿಂದ ಇಳಿಸಿ ನೇರವಾಗಿ ಕಾಡಿಗೆ ಬಿಡಲಿಲ್ಲ, ಮೊದಲು ಪ್ರತ್ಯೇಕವಾಗಿಟ್ಟು ಆರೋಗ್ಯ ನೋಡಿದರು.

ಒಪ್ಪಿಸುವಾಗ ಗಾಳಿಗಿಂಡಿ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ ಕೊಡಿ. ಸ್ಕೂಟರಿನ ಸೀಟಿನಡಿಯ ಡಿಕ್ಕಿಯಲ್ಲಿ ಒಯ್ಯಬೇಡಿ, ಅದು ಒಲೆಯಂತೆ ಕಾಯುತ್ತದೆ. ಸಿಕ್ಕ ದಿನ, ಹೊತ್ತು, ಜಾಗದ ಮೊಬೈಲ್ ಲೊಕೇಶನ್, ಗ್ರಾಂ ಲೆಕ್ಕದ ತೂಕ, ನೀವು ಹಚ್ಚಿದ ಔಷಧಿ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ಬಾಲ ಮೋಟಾಗಿದ್ದು ಹೊಟ್ಟೆಯ ಚಿಪ್ಪು ಸಮತಟ್ಟಾಗಿದ್ದರೆ ಹೆಣ್ಣು. ಪೆಟ್ಟಿಗೆಯಲ್ಲೇ ಮೊಟ್ಟೆ ಇಟ್ಟರೂ ಇಟ್ಟೀತು. ಹಾಗಾದರೆ ಮೊಟ್ಟೆಯನ್ನು ಮಗುಚದೆ, ಮೇಲಿನ ಭಾಗಕ್ಕೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿ, ಅದೇ ಭಾಗ ಮೇಲಿರುವಂತೆ ಹತ್ತಿಯಲ್ಲಿಟ್ಟು ತಾಯಿಯ ಜೊತೆಗೇ ಕಳುಹಿಸಿ.