ರಾಜೀನಾಮೆ ಕೊಟ್ಟರೆ ತಪ್ಪು ಮಾಫಿ ಆಗುತ್ತಾ?

ಪ್ರಶ್ನೆ: ಸರ್, ದುಡ್ಡು ಪಡೆದು ಸಿಕ್ಕಿಬಿದ್ದ ಮೊದಲ ಸಂಸದ ಎಚ್.ಜಿ. ಮುದಗಲ್ ಅಂತ ಓದಿದೆ. ಒಂದು ಕಡೆ ಅವರನ್ನು ಉಚ್ಚಾಟಿಸಿದರು ಅಂತಿದೆ, ಇನ್ನೊಂದು ಕಡೆ ತಾವೇ ರಾಜೀನಾಮೆ ಕೊಟ್ಟರು ಅಂತಿದೆ. ಯಾವುದು ನಿಜ? ಅವರು ನಮ್ಮ ಕಡೆಯವರಾ?
– ಓದುಗರೊಬ್ಬರು, ಗದಗ

ಉತ್ತರ: ರಾಜೀನಾಮೆ ಕೊಟ್ಟದ್ದು ನಿಜ. ಉಚ್ಚಾಟನೆಯ ನಿರ್ಣಯ ಸದನದ ಮುಂದೆ ಬಂದಿತ್ತು, ಅದು ಪಾಸಾಗುವ ಮೊದಲೇ ಪತ್ರ ಕೊಟ್ಟರು.

ಪೂರ್ತಿ ಹೆಸರು ಹುಚ್ಚೇಶ್ವರ ಗುರುಸಿದ್ಧ ಮುದಗಲ್. ಹೆಸರಿನಲ್ಲೇ ಉತ್ತರ ಕರ್ನಾಟಕ ಇದೆ ಅಲ್ವಾ? ಆಗ ಧಾರವಾಡದ ಕಡೆಯೆಲ್ಲ ಮುಂಬಯಿ ರಾಜ್ಯದಲ್ಲಿತ್ತು, ಇವರು ಆ ರಾಜ್ಯದಿಂದ ತಾತ್ಕಾಲಿಕ ಸಂಸತ್ತಿಗೆ (ಮೊದಲ ಸಾರ್ವತ್ರಿಕ ಚುನಾವಣೆಗೂ ಮುಂಚೆ ಇದ್ದ ಸಂಸತ್ತು) ಬಂದ ಕಾಂಗ್ರೆಸ್ ಸದಸ್ಯ. ಅದಕ್ಕೂ ಮುಂಚಿನ ಬದುಕು ಇನ್ನೂ ವಿಶೇಷ. ಯುವಕನಾಗಿದ್ದಾಗ ನ್ಯೂಯಾರ್ಕ್ ಸೇರಿ, ಕಪ್ಪು ಜನರ ಹಕ್ಕಿಗಾಗಿ ದೊಡ್ಡ ಚಳವಳಿ ಕಟ್ಟಿದ ಮಾರ್ಕಸ್ ಗಾರ್ವಿಯ ಪತ್ರಿಕೆ 'ನೀಗ್ರೋ ವರ್ಲ್ಡ್'ನಲ್ಲಿ ಕೆಲಸ ಮಾಡಿ, ಮುಂದೆ ಅದರ ಸಂಪಾದಕರೇ ಆದರು. ಅಂಥ ಪತ್ರಿಕೆ ನಡೆಸಿದ ಮನುಷ್ಯನ ಹೆಸರು ಇವತ್ತು ಬರೋದು ಲಂಚದ ಪಟ್ಟಿಯಲ್ಲಿ ಮಾತ್ರ. ನನಗೆ ಇದು ತುಂಬಾ ಬೇಸರದ ಸಂಗತಿ. ಹಾಗಂತ ತಪ್ಪನ್ನು ಮುಚ್ಚಿಡೋಕೆ ಆಗಲ್ಲ.

ಮುಂಬಯಿಯ ಚಿನ್ನ-ಬೆಳ್ಳಿ ವ್ಯಾಪಾರಿಗಳ ಸಂಘದ ಪರವಾಗಿ ಸಂಸತ್ತಿನಲ್ಲಿ ಪ್ರಶ್ನೆ ಕೇಳೋದು, ಮುಂಗಡ ವಹಿವಾಟಿನ (ಮುಂದೆ ಕೊಡೋ ಸರಕಿಗೆ ಈಗಲೇ ಬೆಲೆ ಗೊತ್ತು ಮಾಡೋ ವ್ಯಾಪಾರ) ಮಸೂದೆಗೆ ಅವರಿಗೆ ಬೇಕಾದ ತಿದ್ದುಪಡಿ ತರೋದು, ಮಂತ್ರಿಗಳ ಭೇಟಿ ಮಾಡಿಸೋದು, ಇದಕ್ಕೆಲ್ಲ ಹಣ ಪಡೆದರು ಅನ್ನೋದು ಆರೋಪ. 1951ರ ಜೂನ್ 8ರಂದು ತನಿಖಾ ಸಮಿತಿ ಬೇಕು ಅಂತ ನಿರ್ಣಯ ಮಂಡಿಸಿದ್ದು ವಿರೋಧ ಪಕ್ಷದವರಲ್ಲ, ಸ್ವತಃ ನೆಹರೂ. ತಮ್ಮದೇ ಪಕ್ಷದ ಸದಸ್ಯನ ಮೇಲೆ! ಟಿ.ಟಿ. ಕೃಷ್ಣಮಾಚಾರಿ ಅಧ್ಯಕ್ಷತೆಯ ಸಮಿತಿಯಲ್ಲಿ ದುರ್ಗಾಬಾಯಿ, ಕೆ.ಟಿ. ಶಾ ಅಂಥವರಿದ್ದರು. ನಡತೆ ಸದನದ ಘನತೆಗೆ ತಕ್ಕದ್ದಲ್ಲ ಅಂತ ಸಮಿತಿ ಹೇಳಿತು.

ಸೆಪ್ಟೆಂಬರ್ ಕೊನೆಯಲ್ಲಿ ಚರ್ಚೆ ಆಯಿತು. ಮುದಗಲ್ ತಮ್ಮ ಹೇಳಿಕೆ ಮುಗಿಸಿ ಡೆಪ್ಯುಟಿ ಸ್ಪೀಕರ್ ಕೈಗೆ ರಾಜೀನಾಮೆ ಕೊಟ್ಟರು. ಆಗಿನ ನಿಯಮದ ಪ್ರಕಾರ ಪತ್ರ ಕೊಟ್ಟ ಕೂಡಲೇ ಸೀಟು ಖಾಲಿ, ಇಲ್ಲದ ಸದಸ್ಯನನ್ನು ಉಚ್ಚಾಟಿಸೋದು ಹೇಗೆ? ಸದನ ಅಲ್ಲಿಗೇ ಕೈಬಿಡಬಹುದಿತ್ತು, ಬಿಡಲಿಲ್ಲ. ನಿರ್ಣಯವನ್ನೇ ತಿದ್ದಿ, ಇವರು ಉಚ್ಚಾಟನೆಗೆ ಅರ್ಹರಾಗಿದ್ದರು, ರಾಜೀನಾಮೆ ಪತ್ರದ ಒಕ್ಕಣೆಯೇ ಸದನಕ್ಕೆ ಮಾಡಿದ ನಿಂದನೆ, ಅದರಿಂದ ತಪ್ಪು ಇನ್ನೂ ದೊಡ್ಡದಾಯಿತು ಅಂತ ದಾಖಲಿಸಿತು. ಈಗ ನಾವು ನೋಡೋದೇ ಬೇರೆ. ಹಗರಣ ಆಗುತ್ತೆ, ರಾಜೀನಾಮೆ ಬರುತ್ತೆ, 'ನೈತಿಕ ಹೊಣೆ' ಅಂತ ಹಾರ ಬೇರೆ ಬೀಳುತ್ತೆ, ತನಿಖೆ ಎಲ್ಲಿಗೆ ಬಂತು ಅಂತ ಕೇಳೋರಿಲ್ಲ. ಹೊಣೆ ಹೊತ್ತವರು ಉತ್ತರ ಕೊಟ್ಟು ಹೋಗಬೇಕು. ಸದನವೂ ಅವರು ಹೋದರು ಅಂತ ಕಡತ ಮುಚ್ಚಬಾರದು.

ಪ್ರಶ್ನೆ: ಈಗಲೂ ಹೀಗೆ ಪತ್ರ ಕೊಟ್ಟು ಪಾರಾಗಬಹುದಾ?
– ಕಾನೂನು ವಿದ್ಯಾರ್ಥಿನಿ, ಮೈಸೂರು

ಉತ್ತರ: ಅಷ್ಟು ಸಲೀಸಲ್ಲ. ಸಂವಿಧಾನಕ್ಕೆ 1974ರಲ್ಲಿ ಆದ 33ನೇ ತಿದ್ದುಪಡಿಯ ನಂತರ ಸ್ಪೀಕರ್ ಒಪ್ಪಿದರೆ ಮಾತ್ರ ಸೀಟು ಖಾಲಿ. ಆದರೆ ಇದನ್ನು ತಂದದ್ದು ಲಂಚಕೋರರನ್ನು ಹಿಡಿಯೋಕಲ್ಲ. ಗುಜರಾತಿನಲ್ಲಿ ಚಳವಳಿಗಾರರು ಶಾಸಕರಿಂದ ಒತ್ತಾಯವಾಗಿ ರಾಜೀನಾಮೆ ಕೊಡಿಸಿದ್ದರು, ಅದಕ್ಕೆ. ಹಾಗಾಗಿ ಸ್ಪೀಕರ್ ನೋಡೋದು ಒಂದೇ: ಸ್ವಇಚ್ಛೆಯದಾ, ನಿಜವಾದದ್ದಾ? ಹಗರಣದಿಂದ ತಪ್ಪಿಸಿಕೊಳ್ಳೋಕೆ ಕೊಟ್ಟಿದ್ದು ಅನ್ನೋ ಕಾರಣಕ್ಕೆ ನಿರಾಕರಿಸೋಕೆ ಅಲ್ಲಿ ಜಾಗ ಇಲ್ಲ. ಇದು ಕೊರತೆ ಅಂತಲೇ ನನ್ನ ಅಭಿಪ್ರಾಯ.

2019ರಲ್ಲಿ ನಮ್ಮ 17 ಶಾಸಕರು ಅನರ್ಹರಾದ ಪ್ರಕರಣ ನೆನಪಿರಬೇಕು. ಅದು ಪಕ್ಷಾಂತರದ ವಿಷಯ, ಲಂಚದ್ದಲ್ಲ. ರಾಜೀನಾಮೆ ಕೊಟ್ಟರೂ ಅದಕ್ಕೂ ಮುಂಚೆ ಆದ ತಪ್ಪಿನ ಅನರ್ಹತೆ ಹೋಗಲ್ಲ ಅಂತ ಆ ವರ್ಷದ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿತು. ಜೊತೆಗೇ, ವಿಧಾನಸಭೆಯ ಅವಧಿ ಮುಗಿಯೋವರೆಗೆ ಚುನಾವಣೆಗೆ ನಿಲ್ಲಬಾರದು ಅನ್ನೋ ಸ್ಪೀಕರ್ ಆದೇಶವನ್ನು ರದ್ದು ಮಾಡಿತು. ಡಿಸೆಂಬರ್ ಉಪಚುನಾವಣೆಗೆ ದಾರಿ ಆಯಿತು.

ಪ್ರಶ್ನೆ: ಸೀಟು ಹೋದರೆ ಮುಗೀತಾ? ಜೈಲಿಗೆ ಯಾಕೆ ಹಾಕಲ್ಲ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಪ್ರಶ್ನೆ ಕೇಳೋಕೆ ದುಡ್ಡು ಪಡೆದಿದ್ದಕ್ಕೆ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಿದರು, ಅದು ಸರಿ ಅಂತ 2007ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆದರೆ ಅದು ಸದನ ಕೊಡೋ ಶಿಕ್ಷೆ. ಕ್ರಿಮಿನಲ್ ಕೇಸಿಗೆ 1998ರ ತೀರ್ಪೊಂದು ಅಡ್ಡ ಇತ್ತು, ದುಡ್ಡು ಪಡೆದು ಸದನದಲ್ಲಿ ಮತ ಹಾಕಿದವರಿಗೇ ಅದು ರಕ್ಷಣೆ ಕೊಟ್ಟಿತ್ತು. 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಈಗ ಸದನದಲ್ಲಿ ಮತ ಹಾಕೋಕೋ ಮಾತಾಡೋಕೋ ಲಂಚ ಪಡೆದರೆ ಸದಸ್ಯತ್ವದ ರಕ್ಷಣೆ ಇಲ್ಲ, ರಾಜೀನಾಮೆ ಕೊಟ್ಟರೂ ಕೇಸು ನಡೆಸಬಹುದು.