ಇನ್‌ಫೆಕ್ಷನ್ ಇದ್ದಾಗ್ಲೂ ಸ್ಟೀರಾಯ್ಡ್ ಯಾಕೆ?

ಪ್ರಶ್ನೆ: ನಮ್ಮ ಚಿಕ್ಕಪ್ಪಂಗೆ ಮೂತ್ರದ ಇನ್‌ಫೆಕ್ಷನ್ ರಕ್ತಕ್ಕೆ ಹರಡಿ ಬಿಪಿ ಪೂರ್ತಿ ಬಿದ್ದೋಗಿತ್ತು. ಐಸಿಯುನಲ್ಲಿ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡೂ ಕೊಟ್ರು, ಕೇಳಿದ್ರೆ 'ಅಡ್ರಿನಲ್‌ಗೆ ಸಪೋರ್ಟ್' ಅಂದ್ರು. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿ ಕಮ್ಮಿ ಮಾಡುತ್ತಲ್ವಾ ಡಾಕ್ಟ್ರೇ?

ಉತ್ತರ: ಮಾಡುತ್ತೆ, ನಿಮ್ಮ ಅನುಮಾನದಲ್ಲಿ ತಪ್ಪಿಲ್ಲ. ಆದ್ರೆ ಇಲ್ಲಿ ಕೊಟ್ಟಿದ್ದು ಇನ್‌ಫೆಕ್ಷನ್‌ಗಲ್ಲ, ಬಿಪಿಗೆ.

ಮೂತ್ರದ ಇನ್‌ಫೆಕ್ಷನ್ ತರೋ ಇ ಕೋಲೈ ಥರದ ಬ್ಯಾಕ್ಟೀರಿಯಾದ ಹೊರಪದರದಲ್ಲಿ ಎಂಡೋಟಾಕ್ಸಿನ್ ಅನ್ನೋ ವಿಷ ಇರುತ್ತೆ, ಬ್ಯಾಕ್ಟೀರಿಯಾ ಒಡೆದಾಗ ಅದು ರಕ್ತಕ್ಕೆ ಸೇರುತ್ತೆ, ಅದನ್ನ ಕಂಡ ತಕ್ಷಣ ನಮ್ಮ ರಕ್ಷಣಾ ಕಣಗಳು ರಾಸಾಯನಿಕಗಳನ್ನ ಸುರಿಯೋಕೆ ಶುರು ಮಾಡ್ತವೆ, ರಕ್ತನಾಳ ಸಡಿಲ ಆಗಿ ಬಿಪಿ ಕುಸಿಯುತ್ತೆ. ಅಂದ್ರೆ ಅರ್ಧ ಹಾನಿ ವಿಷದ್ದಾದ್ರೆ ಇನ್ನರ್ಧ ನಮ್ಮ ದೇಹದ್ದೇ!

ಕಿಡ್ನಿ ಮೇಲೆ ಟೋಪಿ ಹಾಗೆ ಕೂತಿರೋ ಅಡ್ರಿನಲ್ ಗ್ರಂಥಿಗಳು ಒಂದೊಂದೂ ಬರೀ 4-5 ಗ್ರಾಂ. ನರಗಳಿಂದ ಸುದ್ದಿ ಬಂದ ಕೂಡ್ಲೇ ಒಳಭಾಗ ಅಡ್ರಿನಲಿನ್ ಬಿಡುತ್ತೆ, ಎದೆ ಡವಡವ ಅನ್ನೋದು ಅದಕ್ಕೇ. ಹೊರಭಾಗದ್ದು ನಿಧಾನ. ಮೆದುಳಿನ ಹೈಪೋಥಾಲಮಸ್ ಅದರ ಕೆಳಗಿರೋ ಪಿಟ್ಯುಟರಿ ಗ್ರಂಥಿಗೆ ಹೇಳಿ, ಪಿಟ್ಯುಟರಿ ಎಸಿಟಿಎಚ್ ಅನ್ನೋ ಹಾರ್ಮೋನ್ ಕಳಿಸಿದ ಮೇಲೆ ಈ ಹೊರಭಾಗ ಕಾರ್ಟಿಸಾಲ್ ಅನ್ನೋ ನಮ್ಮ ದೇಹದ್ದೇ ಸ್ಟೀರಾಯ್ಡ್ ತಯಾರಿಸುತ್ತೆ, ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ. ಈ ಕಾರ್ಟಿಸಾಲ್ ರಕ್ಷಣಾ ಕಣಗಳ ಅತಿರೇಕಕ್ಕೆ ಬ್ರೇಕ್ ಹಾಕುತ್ತೆ, ಜೊತೆಗೆ ನಾಳ ಬಿಗಿ ಮಾಡೋ ನಾರ್ ಅಡ್ರಿನಲಿನ್ ಅನ್ನೋ ಹಾರ್ಮೋನ್ ಮಾತನ್ನ ರಕ್ತನಾಳಗಳು ಕೇಳೋ ಹಾಗೆ ಮಾಡುತ್ತೆ, ಇದೇ ಮುಖ್ಯ.

ಹೀಗೆ ಬಿಪಿ ಕುಸಿಯೋ ತೀವ್ರ ಶಾಕ್‌ನಲ್ಲಿ ಕೆಲವ್ರಿಗೆ ಇಷ್ಟೂ ಸಾಲಲ್ಲ, ಇಲ್ಲಾ ಕಾರ್ಟಿಸಾಲ್ ಇದ್ರೂ ಜೀವಕೋಶಗಳು ಅದಕ್ಕೆ ಓಗೊಡಲ್ಲ. ಅಪರೂಪಕ್ಕೆ ಗ್ರಂಥಿಯೊಳಗೇ ರಕ್ತಸ್ರಾವ ಆಗೋದೂ ಉಂಟು, ಮೆನಿಂಜೊಕಾಕಸ್ ಅನ್ನೋ ಬ್ಯಾಕ್ಟೀರಿಯಾದ ಸೋಂಕಲ್ಲಿ ಹೀಗಾಗೋದನ್ನ 1911ರಲ್ಲಿ ವಾಟರ್‌ಹೌಸ್, 1918ರಲ್ಲಿ ಫ್ರಿಡೆರಿಕ್ಸೆನ್ ಅನ್ನೋ ಡಾಕ್ಟ್ರುಗಳು ಬರೆದಿಟ್ರು, ಇಬ್ಬರ ಹೆಸರೂ ಆ ಕಾಯಿಲೆಗೇ ಅಂಟಿಕೊಂಡಿದೆ.

ಡ್ರಿಪ್ ಹಾಕಿ, ನಾರ್ ಅಡ್ರಿನಲಿನ್ ಏರಿಸ್ತಾ ಹೋದ್ರೂ ಬಿಪಿ ನಿಲ್ಲದಿದ್ದಾಗ ದಿನಕ್ಕೆ ಸುಮಾರು 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್, ಅಂದ್ರೆ ಔಷಧಿ ರೂಪದ ಕಾರ್ಟಿಸಾಲ್, ಕೊಡೋದು ಈಗಿನ ರೂಢಿ. ಪವಾಡ ಏನಲ್ಲ. 2018ರಲ್ಲಿ ಎರಡು ದೊಡ್ಡ ಟ್ರಯಲ್ ಬಂದ್ವು, ಒಂದ್ರಲ್ಲಿ ಶಾಕ್ ಬೇಗ ಇಳೀತು ಆದ್ರೆ ಸಾವು ಕಮ್ಮಿಯಾಗ್ಲಿಲ್ಲ, ಫ್ಲುಡ್ರೊಕಾರ್ಟಿಸೋನ್ ಅನ್ನೋ ಬೇರೆ ಸ್ಟೀರಾಯ್ಡೂ ಸೇರಿಸಿದ ಇನ್ನೊಂದ್ರಲ್ಲಿ ಸಾವೂ ಕಮ್ಮಿಯಾಯ್ತು. ಶುಗರ್ ಏರುತ್ತೆ, ಅದನ್ನ ನೋಡ್ಕೋಬೇಕು. ಆಂಟಿಬಯಾಟಿಕ್ ಅಂತೂ ಬಿಡೋ ಹಾಗೇ ಇಲ್ಲ.

ಒಂದು ಮಾತು, ಚಿಕ್ಕಪ್ಪ ಮೊದಲಿಂದ ದಮ್ಮಿಗೋ ಕೀಲುನೋವಿಗೋ ತಿಂಗಳಾನುಗಟ್ಲೆ ಸ್ಟೀರಾಯ್ಡ್ ಮಾತ್ರೆ ತಗೋತಿದ್ರಾ? ಹಾಗಿದ್ರೆ ಗ್ರಂಥಿ ಮೊದಲೇ ಮಂಕಾಗಿರಬಹುದು, ಡಾಕ್ಟ್ರಿಗೆ ತಪ್ಪದೆ ಹೇಳಿ, ಆ ಮಾತ್ರೆ ನೀವಾಗೇ ನಿಲ್ಲಿಸಬೇಡಿ.