ಫೀಡ್ ಏರಿಸಿದರೂ ಮಿಲ್ ಪವರ್ ಯಾಕೆ ಬೀಳುತ್ತಿದೆ?

ಪವರ್ ಏರಿಸಲು ಕಂಟ್ರೋಲರ್ ಫೀಡ್ (ಮಿಲ್ ಒಳಗೆ ಹಾಕುವ ಅದಿರು) ಏರಿಸಿದಷ್ಟೂ ಪವರ್ ಬೀಳುತ್ತಿದೆ ಅಂದರೆ, ನಿಮ್ಮ ಸ್ಯಾಗ್ ಮಿಲ್ (ಉಕ್ಕಿನ ಗುಂಡುಗಳ ಜೊತೆ ತಿರುಗಿಸಿ ಅದಿರು ಪುಡಿಮಾಡುವ ದೊಡ್ಡ ಡ್ರಮ್) ಬಹುಶಃ ಓವರ್‌ಲೋಡ್ ಆಗಿದೆ. ಕಂಟ್ರೋಲರ್ ಬಳಸುವ ಮಾಡೆಲ್‌ನಲ್ಲಿ ಲೋಡ್‌ಗೂ (ಮಿಲ್ ಒಳಗೆ ತುಂಬಿರುವ ಸರಕು) ಪವರ್‌ಗೂ ಸರಳರೇಖೆ ಹಾಕಿದ್ದೀರಿ. ನಿಜವಾದ ಕರ್ವ್ ಗುಡ್ಡದ ಹಾಗಿರುತ್ತದೆ. ಲೋಡ್ ಜೊತೆ ಪವರ್ ಏರುತ್ತದೆ, ತುದಿ ದಾಟಿದ ಮೇಲೆ ಇಳಿಯುತ್ತದೆ. ಆ ಇಳಿಜಾರಿನಲ್ಲಿ ನಿಮ್ಮ ಲೂಪ್ (ಪವರ್ ನೋಡಿ ತಾನೇ ಫೀಡ್ ಬದಲಿಸುವ ಕಂಟ್ರೋಲ್) ಉಲ್ಟಾ ಕೆಲಸ ಮಾಡುತ್ತದೆ, ಅಲ್ವಾ?

ಮೊದಲು ಲೂಪನ್ನು ಮ್ಯಾನುಯಲ್‌ಗೆ ಹಾಕಿ ಫೀಡ್ ತಗ್ಗಿಸಿ. ಓವರ್‌ಲೋಡ್ ಆಗಿದ್ದರೆ ಪವರ್ ಮೊದಲು ಏರಿ, ಆಮೇಲೆ ಇಳಿಯುತ್ತದೆ. ಏರದೆ ನೇರವಾಗಿ ಇಳಿದರೆ ನನ್ನ ಊಹೆ ತಪ್ಪು, ಅದಿರು ಮೆತ್ತಗಾಗಿದೆಯಾ ನೋಡಿ.

ಆಮೇಲೆ ಬೇರಿಂಗ್ ಪ್ರೆಶರನ್ನೂ (ಮಿಲ್ ತೂಕ ಎಷ್ಟಿದೆ ಎಂದು ತೋರಿಸುವ ಬೇರಿಂಗ್ ಎಣ್ಣೆಯ ಒತ್ತಡ) ಮಾಡೆಲ್‌ಗೆ ಸೇರಿಸಿ. ಪ್ರೆಶರ್ ಏರುತ್ತಾ ಪವರ್ ಇಳಿದರೆ ಫೀಡ್ ಕಡಿಮೆ ಮಾಡುವಂತೆ ಲಾಜಿಕ್ ಬರೆಯಿರಿ. ಲೈನರ್ (ಮಿಲ್ ಒಳಗೋಡೆಯ ರಕ್ಷಣಾ ಹೊದಿಕೆ) ಸವೆದಂತೆ ಮಿಲ್ ಹಗುರಾಗುತ್ತದೆ. ಅದಕ್ಕೇ ಪ್ರೆಶರ್‌ಗೆ ಸುಮ್ನೆ ಒಂದು ಮಿತಿ ಇಡಬೇಡಿ, ಅದು ಏರುವ ವೇಗವನ್ನು ಬಳಸಿ.